ಶ್ರಾವಣಕ್ಕೆ ಕಾದ ಹಸಿರು ಬಳೆಗಳು

ಸಿಂಗಪುರದ ಇನ್ನೊಂದು ಬಡಾವಣೆಯಾದ ಪುಂಗೋಲ್‌ಗೆ ಶಿಫ್ಟ್ ಆಗಲು ಅಡುಗೆಮನೆ ಖಾಲಿ ಮಾಡುತ್ತಿದ್ದೆ. ಮೇಲಿನ ಕಪಾಟಿನ ಮೂಲೆಯಲ್ಲಿ, ಯಾರೂ ಮುಟ್ಟದ ಇಡ್ಲಿ ಪಾತ್ರೆಯ ಹಿಂದೆ, ಬಿಸ್ಕತ್ತಿನ ಹಳೆಯ ಡಬ್ಬಿಯೊಂದು ಕೈಗೆ ಸಿಕ್ಕಿತು. ಅಲುಗಿಸಿದರೆ ಒಳಗೆ ಗಾಜಿನ ಸದ್ದು. ಮುಚ್ಚಳ ತೆಗೆಯುವ ಮೊದಲೇ ಏನೆಂದು ಗೊತ್ತಾಯಿತು... ತಮಿಳು ಪೇಪರಿನಲ್ಲಿ ಸುತ್ತಿಟ್ಟ ಹಸಿರು ಬಳೆಗಳು. ಎದುರುಮನೆ ಅಕ್ಕನ ಮದುವೆ ಬಳೆಗಳು. ಹಾಗೇ ನೆಲದ ಮೇಲೆ ಕೂತೆ. ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷವಾದರೂ ಅದು ಒಂದು ಚೂರೂ ಆರಿಲ್ಲ.

ಆಗ ನಾನು ಮೈಸೂರಿನಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆಂದು ಸೆರಂಗೂನಿನ ಈ ಫ್ಲಾಟಿಗೆ ಬಂದ ಹೊಸತು. ಕಂಪನಿಗಳು ನಮ್ಮಂಥವರನ್ನು ವಿಮಾನಗಟ್ಟಲೆ ತರಿಸಿಕೊಳ್ಳುತ್ತಿದ್ದ ಕಾಲ. ಎದುರುಮನೆಯಲ್ಲಿ ಗದಗಿನ ಕಡೆಯ ಎಂಜಿನಿಯರ್ ಒಬ್ಬರ ಸಂಸಾರವಿತ್ತು. ಅವರ ಹೆಂಡತಿಯ ಬಾಣಂತನ ಮಾಡಲು ವಿಸಿಟ್ ಪಾಸ್ ಮೇಲೆ ಬಂದವರು ಈ ಅಕ್ಕ, ಎಂಜಿನಿಯರರ ಒಡಹುಟ್ಟಿದವರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಅವರು ಬಂದ ವಾರದಲ್ಲೇ ಕಾರಿಡಾರಿನ ತುಂಬ ಗುರೆಳ್ಳು ಹುರಿದ ವಾಸನೆ. ರೊಟ್ಟಿ ಬಡಿಯುವ ಸದ್ದಿಗೆ ಕೆಳಮನೆಯ ಚೀನೀ ಆಂಟಿ ಜಗಳಕ್ಕೆ ಬಂದರೆ, ಅಕ್ಕ ಆಕೆಯ ಕೈಗೆ ಬಿಸಿ ರೊಟ್ಟಿ ಕೊಟ್ಟು ಕಳಿಸಿದರು. ಆಮೇಲೆ ಆಂಟಿ ರೊಟ್ಟಿಗೇ ಬರತೊಡಗಿದರು. ಅಂಥ ಜಾಣೆ. ಅದಕ್ಕೇ ನನಗೆ ಇನ್ನೂ ಹೆಚ್ಚು ಸಿಟ್ಟು.

ದಿನಾ ಬೆಳಿಗ್ಗೆ ಅಕ್ಕ ಕೂಸಿಗೆ ಎಳೆಬಿಸಿಲು ಕಾಯಿಸಲು ವಾಯ್ಡ್ ಡೆಕ್ಕಿಗೆ ಇಳಿಯುತ್ತಿದ್ದರು. ಕಟ್ಟಡದ ಕೆಳಗಿನ ಆ ತೆರೆದ ಜಾಗದಲ್ಲಿ, ಮಧ್ಯಾಹ್ನದ ಪಾಳಿಗೆ ಹೊರಡುವ ಮುನ್ನ ಡ್ರೈವರ್ ಅಂಕಲ್ ಪೇಪರು ಓದುತ್ತ ಕೂತಿರುತ್ತಿದ್ದರು. ನಮ್ಮದೇ ಬ್ಲಾಕಿನ ಎರಡನೇ ಮಹಡಿಯವರು, ಬಸ್ ಡ್ರೈವರ್, ಇಲ್ಲೇ ಹುಟ್ಟಿದ ತಮಿಳರು, ಹೆಂಡತಿ ತೀರಿಕೊಂಡು ಒಂಟಿಯಾಗಿದ್ದವರು. ಇವರ ಗದಗಿನ ಕನ್ನಡ, ಅವರ ಸಿಂಗಪುರದ ತಮಿಳು... ಹೇಗೆ ಮಾತಾಡಿಕೊಂಡರೋ ಶಿವನೇ ಬಲ್ಲ. ಅಂಕಲ್ ಯಾವುದಕ್ಕೂ, ಇಲ್ಲಿಯವರು ಆಗಲಿ ಎನ್ನುವುದಕ್ಕೆ ಹೇಳುವಂತೆ, 'ಕ್ಯಾನ್, ಕ್ಯಾನ್' ಎನ್ನುವವರು. ಮದುವೆಯಾಗುತ್ತೀರಾ ಎಂದು ಅಕ್ಕನೇ ಕೇಳಿದರಂತೆ. ಅದಕ್ಕೂ ಅದೇ ಉತ್ತರ ಬಂತಂತೆ. ಹೇಳುವಾಗ ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಿದ್ದರು.

ಎಂಜಿನಿಯರ್ ಮೊದಲು ಹಾರಾಡಿದರು, ಆಮೇಲೆ ಒಪ್ಪಿದರು. ಅಂಕಲ್ ಆ ವಾರವೇ ಅಕ್ಕನನ್ನು ಬಳೆ ಅಂಗಡಿಗೆ ಕರೆದುಕೊಂಡು ಹೋಗಿ ಇವೇ ಹಸಿರು ಬಳೆಗಳನ್ನು ಕೊಡಿಸಿದರು. ಅಲ್ಲಿಗೆ ಎಲ್ಲ ಸರಿಯಾಗಿತ್ತು. ಪಾಸಿನ ಅವಧಿ ಇನ್ನೂ ಇತ್ತು. ಮದುವೆ ನೋಂದಾಯಿಸುವ ರಿಜಿಸ್ಟ್ರಿಗೆ ನೋಟಿಸ್ ಕೊಟ್ಟು, ಸಹಿ ಮಾಡಿ, ಸಿಟಿಜನ್‌ನ ಹೆಂಡತಿ ಎಂದು ಉಳಿಯಲು ಅರ್ಜಿ ಹಾಕಿದರೆ ಮುಗಿಯುತ್ತಿತ್ತು. ನಾನೇ ಇಬ್ಬರು ಮೂವರನ್ನು ವಿಚಾರಿಸಿಕೊಂಡು ಬಂದು ಹೇಳಿದ್ದೆ.

ಆದರೆ ಬಳೆ ತಂದ ಮರುದಿನ ಆಷಾಢ ಹಿಡಿಯಿತು.

ಮದುವೆ ಸಾಮಾನು ಆಷಾಢದಲ್ಲಿ ಮನೆಯೊಳಗೆ ಇರಬಾರದೆಂದು ಅಕ್ಕ ಡಬ್ಬಿಯನ್ನು ನನ್ನ ಮನೆಗೆ ತಂದರು. ನನ್ನ ಮನೆಗೆ ಆಷಾಢ ಬರುವುದಿಲ್ಲವೇ ಎಂದರೆ, ನಿಮ್ಮ ಮದುವಿ ಆಗಿ ಮುಗದೈತಲ್ಲ ಎಂದು ಡಬ್ಬಿಯನ್ನು ನನ್ನ ಕೈಗಿಟ್ಟರು. ನಾನು ತಮಾಷೆ ಎಂದುಕೊಂಡೆ. ನೋಟಿಸನ್ನೂ ಶ್ರಾವಣದ ಮೇಲೇ ಕೊಡುತ್ತೇವೆ ಎಂದಾಗ ತಮಾಷೆ ಅಲ್ಲವೆಂದು ತಿಳಿಯಿತು. ಅದೂ ಯಾವ ಶ್ರಾವಣ? ಆ ವರ್ಷ ಆಷಾಢದ ಬೆನ್ನಿಗೇ ಅಧಿಕ ಮಾಸ. ಊರಿನಿಂದ ತಂದ ಕ್ಯಾಲೆಂಡರ್ ಅವರ ಅಡುಗೆಮನೆ ಗೋಡೆಯ ಮೇಲೆ ನೇತಾಡುತ್ತಿತ್ತು. ಅದನ್ನು ಕಿತ್ತು ಕಸದ ಗುಂಡಿಗೆ ಎಸೆಯಬೇಕು ಎಂದು ಎಷ್ಟು ಸಲ ಅನಿಸಿತೋ.

ಪಾಸ್ ಅಧಿಕ ಮಾಸದ ನಡುವೆ ಮುಗಿಯುತ್ತದೆ ಎಂದು ತಲೆ ಚಚ್ಚಿಕೊಂಡೆ. ಈಗ ಬರೀ ಸಹಿ ಮಾಡಿ, ತಾಳಿ ಶ್ರಾವಣದಲ್ಲಿ ಕಟ್ಟಿಸಿಕೊಳ್ಳಿ ಎಂದೆ. ಆಗದಿದ್ದರೆ ಪಾಸ್ ಇರುವಾಗಲೇ ಊರಿಗಾದರೂ ಹೋಗಿ ಎಂದೆ. ಹೋದರೆ ಮತ್ತೆ ಬಿಡುತ್ತಾರೋ ಇಲ್ಲವೋ ಎಂಬ ಭಯ ಅವರಿಗೆ. ಸಹಿಯ ಮಾತಿಗೆ ಅವರು ಕೂಸನ್ನು ಮಡಿಲಿಗೆ ಎಳೆದುಕೊಂಡರು.

"ಸಹಿ ಮಾಡಿದ್ರ ಮದುವಿ ಆದಂಗ ಅಲ್ಲೇನು ತಂಗಿ? ಸರ್ಕಾರ ಬರಕೊಂಡ ಮ್ಯಾಲೆ ದೇವರು ಬರಕೊಳ್ಳೂದಿಲ್ಲೇನು? ಮೊದಲ್ನೇದ್ದು ಆಷಾಢದಾಗ ಅವಸರ ಮಾಡಿ ಮಾಡಿದ್ರು. ವರ್ಷ ತುಂಬಲಿಲ್ಲ, ಅವರು ಹೋದ್ರು. ಈ ಸಲ ಇವರಿಗೆ ಏನೂ ಆಗಬಾರದು."

ಅವರ ಮೊದಲ ಗಂಡ ಸತ್ತದ್ದು ಕಾಮಾಲೆಯಿಂದ. ಆದರೆ ಊರಿಗೆ ಊರೇ ಅವರ ಮುಂದೆ ಆಷಾಢದ ಹೆಸರನ್ನೇ ಹೇಳಿತ್ತು. ಅಂಕಲ್ ಹತ್ತಿರ ಓಡಿದೆ, ನೀವಾದರೂ ಗಟ್ಟಿಯಾಗಿ ಹೇಳಿ ಎಂದೆ. ಅವಳು ಕಾಯಬೇಕೆಂದರೆ ಕಾಯುತ್ತೇನೆ, ಕ್ಯಾನ್ ಎಂದರು. ಎಂಜಿನಿಯರರಂತೂ, ಗಂಡು ಇಲ್ಲಿಯವನೇ ಅಲ್ಲವೇ, ಮದುವೆ ಆಯಿತೆಂದರೆ ಎಲ್ಲ ತಾನಾಗಿ ಸರಿಹೋಗುತ್ತದೆ, ನಾಲ್ಕು ದಿನ ಹೆಚ್ಚುಕಮ್ಮಿ ಆದರೆ ಯಾರು ನೋಡುತ್ತಾರೆ ಎಂದರು. ಕೋಟಿಗಟ್ಟಲೆ ಪ್ರಾಜೆಕ್ಟುಗಳಿಗೆ ಡೆಡ್‌ಲೈನ್ ಹಾಕುವ ಮನುಷ್ಯ!

ಪಾಸ್ ಮುಗಿಯಿತು. ಅಧಿಕ ಮಾಸವೂ ಮುಗಿಯಿತು. ಶ್ರಾವಣದ ಮೊದಲ ಸೋಮವಾರ ಅಕ್ಕ ಇಳಕಲ್ ಸೀರೆ ಉಟ್ಟು, ಅಂಕಲ್ ಇಸ್ತ್ರಿ ಮಾಡಿದ ಶರ್ಟ್ ತೊಟ್ಟು ರಿಜಿಸ್ಟ್ರಿಗೆ ಹೋದರು. ನಾನೂ ಜೊತೆಗಿದ್ದೆ. ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ತಿರುವಿದಳು, ಇನ್ನೊಮ್ಮೆ ತಿರುವಿದಳು. ಪಾಸ್ ಇಲ್ಲದವರ ನೋಟಿಸ್ ತೆಗೆದುಕೊಳ್ಳಲಾಗದು, ಮೊದಲು ಇಮಿಗ್ರೇಷನ್ ಕಚೇರಿಗೆ ಹೋಗಿ ಎಂದಳು. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ಆಕೆ ಸಾರಿ ಎಂದಳು. ಅಲ್ಲಿಂದ ಮುಂದೆ ಹೋದಲ್ಲೆಲ್ಲ ಅದೇ ಮರ್ಯಾದೆಯ ದನಿ, ಅದೇ ಸಾರಿ. ಅವಧಿ ಮೀರಿ ಉಳಿದದ್ದು ಇಲ್ಲಿ ಅಪರಾಧ. ದಂಡ ಕಟ್ಟಿಸಿಕೊಂಡು, ಸದ್ಯಕ್ಕೆ ಈ ದೇಶಕ್ಕೆ ಬರುವಂತಿಲ್ಲ ಎಂದು ಊರಿಗೆ ಕಳಿಸಿದರು. ಹೋಗುವಾಗ ಡಬ್ಬಿ ಕೊಡಲು ಹೋದೆ. "ಅಲ್ಲೇ ಇರ್ಲಿ ತಂಗಿ. ವಾಪಸ್ ಬಂದು ಕೈಗೆ ಇಟ್ಕೋತೀನಿ," ಎಂದರು.

ಅಂಕಲ್ ರಜೆ ಹಾಕಿ ಗದಗಿಗೆ ಹೋದರು. ಒಳ್ಳೆಯ ಮುಹೂರ್ತದಲ್ಲಿ, ಅಯ್ಯನವರ ಮಂತ್ರದೊಂದಿಗೆ ಮದುವೆಯಾಯಿತು. ಯಾವ ದೋಷವೂ ಇಲ್ಲದ ಮದುವೆ. ಒಬ್ಬರೇ ವಾಪಸ್ ಬಂದು ಹೆಂಡತಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದರು. ಆಗಲಿಲ್ಲ. ನಿಷೇಧದ ಅವಧಿ ಕಳೆದ ಮೇಲೂ ಹಾಕಿದರು. ಆಗಲಿಲ್ಲ, ಕಾರಣ ತಿಳಿಸಲಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ ನಾನು ಹಲ್ಲು ಕಚ್ಚಿಕೊಂಡು ಏನಾಯಿತು ಎಂದರೆ, "ನೆಕ್ಸ್ಟ್ ಇಯರ್ ಕ್ಯಾನ್," ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಊರಿಗೆ ಹೋಗಿ, ಬರುವಾಗ ನನಗೂ ಗುರೆಳ್ಳು ಚಟ್ನಿಪುಡಿ ತರುತ್ತಿದ್ದರು. ಈ ನಡುವೆ ನನಗೆ ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿ, ಸಿಕ್ಕಿತು, ಸಲೀಸಾಗಿ. ಯಾವುದೋ ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿದ್ದಕ್ಕೆ ನನಗೆ ಈ ಊರಲ್ಲಿ ಜಾಗ ಸಿಕ್ಕಿತು. ಈ ಊರಿನವನನ್ನೇ ಕಟ್ಟಿಕೊಂಡ ಅಕ್ಕನಿಗೆ ಸಿಗಲಿಲ್ಲ. ಅದನ್ನು ಅವರಿಗೆ ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ಆಮೇಲೊಂದು ದಿನ ಅಂಕಲ್ ಡ್ಯೂಟಿ ಮುಗಿಸಿ ಬಂದು, ಅದೇ ವಾಯ್ಡ್ ಡೆಕ್ಕಿನ ಬೆಂಚಿನ ಮೇಲೆ ಕೂತವರು ಏಳಲಿಲ್ಲ. ಎಂಜಿನಿಯರರ ಸಂಸಾರ ಅಷ್ಟರಲ್ಲಿ ಬೇರೆ ದೇಶ ಸೇರಿತ್ತು. ಗದಗಿಗೆ ಫೋನು ಮಾಡಿ ಹೇಳಬೇಕಾದವಳು ನಾನು. ಅಕ್ಕ ಅಳಲಿಲ್ಲ. ಮುಖ ನೋಡಲು ಬರಲಾಗುತ್ತದೆಯೇ ಎಂದು ಮಾತ್ರ ಕೇಳಿದರು. ಪ್ರಯತ್ನಿಸಿದೆವು. ವೀಸಾ ಕೈಗೆ ಬರುವವರೆಗೆ ಕಾಯುವಂಥ ಕೆಲಸವೇ ಅದು? ಮರುದಿನ ಅವರೇ ಫೋನು ಮಾಡಿದರು. ಆ ಬಳೆಗಳನ್ನು ಅವರನ್ನು ಮಲಗಿಸಿದ ಪೆಟ್ಟಿಗೆಯಲ್ಲಿ ಇಟ್ಟುಬಿಡಿ, ನಾನು ಇನ್ನು ಹಸಿರು ಬಳೆ ಇಟ್ಟುಕೊಳ್ಳುವವಳಲ್ಲ, ಜೊತೆಗೆ ಅವಾದರೂ ಹೋಗಲಿ ಎಂದರು.

ಡಬ್ಬಿ ಹಿಡಿದು ಕೆಳಗೆ ಇಳಿದೆ. ಅವರಿಬ್ಬರು ಕೂಸಿನೊಂದಿಗೆ ಕೂತು ಮಾತಾಡುತ್ತಿದ್ದ ಜಾಗದಲ್ಲೇ, ಇಲ್ಲಿಯ ರೂಢಿಯಂತೆ, ಶವಪೆಟ್ಟಿಗೆ ಇಟ್ಟಿದ್ದರು. ಊದುಬತ್ತಿಯ ಹೊಗೆ, ಪ್ಲಾಸ್ಟಿಕ್ ಕುರ್ಚಿಗಳು, ಡಿಪೋದ ಗೆಳೆಯರು. ಶವಸಂಸ್ಕಾರದ ಕೆಲಸದವನು ಬಳೆಗಳನ್ನು ನೋಡಿ ಮೆಲ್ಲಗೆ ತಲೆಯಾಡಿಸಿದ. ಸುಡುವ ಪೆಟ್ಟಿಗೆಯಲ್ಲಿ ಗಾಜು ಬಿಡುವುದಿಲ್ಲ, ರೂಲ್ಸ್, ಸಾರಿ ಸಿಸ್ಟರ್ ಎಂದ. ಒಂದಾದರೂ ಎಂದೆ. ಒಂದೂ ಇಲ್ಲವೆಂದ. ಎಲ್ಲರ ಎದುರಿಗೇ ಗೊಳೋ ಎಂದು ಅತ್ತೆ.

ಸಂಜೆ ಅಕ್ಕನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ.

"ಅಲ್ಲೂ ಒಳಗ ಬಿಡ್ಲಿಲ್ಲೇನು ತಂಗಿ?" ಎಂದರು.

ಹೋದ ಚಳಿಗಾಲದಲ್ಲಿ ಅಕ್ಕನೂ ಹೋದರು. ಅವರ ಅಣ್ಣನ ಮಗನೊಬ್ಬ ವಾಟ್ಸಾಪ್‌ನಲ್ಲಿ ತಿಳಿಸಿದ. ಬಳೆಗಳನ್ನು ಈಗ ಕೇಳುವವರಿಲ್ಲ, ಕಳಿಸಿದರೂ ತೊಡುವವರಿಲ್ಲ. ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ, ಒಂದೂ ಒಡೆದಿರಲಿಲ್ಲ. ಇವನ್ನು ಬಿಸಾಡೋದಾ ಅಮ್ಮಾ ಎಂದು ಮಗಳು ಕೇಳಿದಳು. ಇಲ್ಲ ಎಂದು ಟವೆಲ್ಲಿನಲ್ಲಿ ಸುತ್ತಿ, ಪುಂಗೋಲ್‌ಗೆ ಹೋಗುವ ನನ್ನ ಕೈಚೀಲದಲ್ಲಿ ಇಟ್ಟುಕೊಂಡೆ.