ಗರಗಸ ಮೀನು ಬಂದ ಬೆಳಿಗ್ಗೆ

ಆಗ ನನಗೆ ಇಪ್ಪತ್ತಾರು. ಶಾರ್ಕುಗಳ ಮೇಲೆ, ಅವುಗಳ ಬಳಗಕ್ಕೇ ಸೇರಿದ ತೊರಕೆ ಮೀನುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ವಾರಕ್ಕೆ ನಾಲ್ಕು ದಿನ ಅಡ್ಯಾರಿನಲ್ಲಿ ಮೊದಲ ಬಸ್ಸು ಹತ್ತಿ, ಪ್ಯಾರೀಸ್ ಕಾರ್ನರಿನಲ್ಲಿ ಇಳಿದು ಇನ್ನೊಂದು ಹಿಡಿದು, ಬೆಳಕು ಹರಿಯುವ ಹೊತ್ತಿಗೆ ರಾಯಪುರಂ ಮೀನುಬಂದರಿನಲ್ಲಿರುತ್ತಿದ್ದೆ. ದೋಣಿಗಳು ಇಳಿಸಿದ್ದನ್ನು ಟೇಪು ಹಿಡಿದು ಅಳೆಯುವುದು, ಗಂಡೋ ಹೆಣ್ಣೋ, ಯಾವ ದೋಣಿಯದು ಎಂದು ಬರೆದುಕೊಳ್ಳುವುದು, ಹೊಟ್ಟೆ ಸೀಳಿದಾಗ ಮರಿಗಳಿದ್ದರೆ ಎಣಿಸುವುದು ನನ್ನ ಕೆಲಸ.

ನಮ್ಮದು ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ವೈಷ್ಣವರ ಮನೆ. ಮೊಟ್ಟೆ ಕೂಡ ಒಳಗೆ ಬಂದದ್ದಿಲ್ಲ. ನಾನು ಮನೆಗೆ ಬಂದ ಕೂಡಲೇ ಅಮ್ಮ ಮೂಗು ಮುಚ್ಚಿಕೊಂಡು, "ಆ ಡ್ರೆಸ್ಸು ಹಿಂದ್ಗಡೆ ಕೊಳಾಯಿ ಹತ್ರಾನೇ ಬಿಚ್ಚೇ. ಸತ್ತ ಮೀನಿಗೆ ಉದ್ದ ಎಷ್ಟಿದ್ರೆ ಯಾರಿಗೇನು? ಆ ವಂಬು, ಊರ ಉಸಾಬರಿಯೆಲ್ಲ ನಮಗ್ಯಾಕೆ?" ಎನ್ನುತ್ತಿದ್ದಳು.

ಬಂದರಿನಲ್ಲಿ ನನ್ನನ್ನು ಹತ್ತಿರ ಸೇರಿಸಿಕೊಂಡವಳು ಶಾರ್ಕು ಕತ್ತರಿಸುವ ಒಬ್ಬ ಹೆಂಗಸು. ನಲವತ್ತು ದಾಟಿದವಳು, ಮೊಣಕೈವರೆಗೆ ರಕ್ತ, ಬಾಯಿತುಂಬ ಎಲೆಅಡಿಕೆ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಎರಡು ವರ್ಷ ಅವಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಬರೆದುಕೊಂಡಿದ್ದೇನೆ. ಅವಳ ತಮಿಳನ್ನು ಇಲ್ಲಿ ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಆ ವರ್ಷ ಶಾರ್ಕು, ತೊರಕೆ ಹಿಡಿಯಬಾರದೆಂದು ಸರ್ಕಾರದ ಆದೇಶ ಬಂತು, ಬಲೆಗೆ ಬೀಳುವುದು ಮಾತ್ರ ನಿಲ್ಲಲಿಲ್ಲ. ಕೆಲವೇ ವಾರಗಳಲ್ಲಿ ಅರಣ್ಯ ಇಲಾಖೆಯವರು ಪೊಲೀಸರೊಂದಿಗೆ ಬಂದರಿನ ಮೇಲೆ ದಾಳಿ ಮಾಡಿದರು. ನೇರವಾಗಿ ಮೂರೇ ಮೂರು ದೋಣಿಗಳಿಗೆ ಬಂದು ಒಣಗಿಸಿದ ಶಾರ್ಕು ರೆಕ್ಕೆಗಳನ್ನೆಲ್ಲ ಹೊತ್ತೊಯ್ದರು. ಒಂದು ದೋಣಿ ಅಕ್ಕನ ತಮ್ಮನದು. ಅವನನ್ನು ಸ್ಟೇಷನ್ನಿಗೆ ಎಳೆದುಕೊಂಡು ಹೋಗಿ ಕಪಾಳಕ್ಕೆ ಎಷ್ಟು ಹೊಡೆದರೆಂದರೆ, ಬಿಟ್ಟು ಕಳಿಸಿದ ಮೇಲೂ ಎಡಗಿವಿಯಿಂದ ಕೀವು ಸೋರುತ್ತಿತ್ತು. ಆಮೇಲೆ ಅವನಿಗೆ ಆ ಕಿವಿ ಕೇಳಿಸಲಿಲ್ಲ. ದೋಣಿಗಳ ಗುರುತು ಯಾರೋ ಹೇಳಿಕೊಟ್ಟಿದ್ದಾರೆ ಎಂದು ಬಂದರೆಲ್ಲ ಮಾತಾಡಿಕೊಂಡಿತು.

ಇದಾಗಿ ಎಂಟು ದಿನಕ್ಕೆ ಗರಗಸ ಮೀನು ಬಂತು. ಮೂತಿಯೇ ಎರಡೂ ಕಡೆ ಹಲ್ಲಿರುವ ಗರಗಸದಂತೆ ಚಾಚಿಕೊಂಡಿರುವ ಮೀನು. ಅಲ್ಲಿಯವರು ವೇಳಾ ಎನ್ನುತ್ತಾರೆ. ಈ ಕರಾವಳಿಯಲ್ಲಿ ಅದು ಅಳಿದುಹೋಗಿದೆ ಎಂದು ಪ್ರಬಂಧದಲ್ಲಿ ಬರೆದುಬಿಡು ಎಂದು ನನ್ನ ಗೈಡ್ ಹೇಳಿ ತಿಂಗಳಾಗಿತ್ತು. ನಾನು ಬರೆದೂ ಇದ್ದೆ.

ಬಾಲಕ್ಕೆ ಹಗ್ಗ ಬಿಗಿದು ಆರು ಜನ ಅದನ್ನು ದೋಣಿ ನಿಲ್ಲುವ ದಕ್ಕೆಯ ಸಿಮೆಂಟಿನ ಮೇಲೆ ಎಳೆದರು. ಗರಗಸದ ತುಂಬ ಬಲೆ ಸುತ್ತಿಕೊಂಡಿತ್ತು. ಸತ್ತಿದೆ ಎಂದೇ ಎಲ್ಲರೂ ತಿಳಿದಿದ್ದರು. ವಯಸ್ಸಾದ ಒಬ್ಬ ಮೀನುಗಾರ ಬಗ್ಗಿ ಬಲೆ ಕತ್ತರಿಸುತ್ತಿದ್ದಂತೆ ಅದು ತಲೆಯನ್ನು ಒಂದು ಸಲ ಬೀಸಿತು. ಅವನ ತೊಡೆ ಮೊಣಕಾಲಿನವರೆಗೆ ಸೀಳಿತು. ಅವನು ತನ್ನ ಕಾಲನ್ನೇ ನೋಡುತ್ತ ಕೂತುಬಿಟ್ಟ. ಆಮೇಲೆ ರಕ್ತ ಬಂತು.

ಮಿಕ್ಕವರು ಕೈಗೆ ಸಿಕ್ಕ ಮರದ ದೊಣ್ಣೆ, ಕಬ್ಬಿಣದ ಸಲಾಕೆ ಹಿಡಿದು ಮೀನಿನ ತಲೆಗೆ ಬಡಿದರು. ಅದು ಬೇಗ ಸಾಯಲಿಲ್ಲ. ಗರಗಸ ನೆಲಕ್ಕೆ ಹೊಡೆದು ಹೊಡೆದು ಹಲ್ಲುಗಳು ಮುರಿದು ಸಿಡಿದವು. ಅದು ನಿಶ್ಚಲವಾದ ಮೇಲೂ ಅವರು ಬಡಿಯುತ್ತಲೇ ಇದ್ದರು. ಅಕ್ಕ ಮುಂದೆ ಬಂದು ಕತ್ತಿಯಿಂದ ಹೊಟ್ಟೆ ಸೀಳಿದಳು. ಒಳಗೆ ಐದು ಮರಿಗಳಿದ್ದವು. ಒಂದೊಂದರ ಮೂತಿಯ ಮೇಲೂ ಪುಟ್ಟ ಗರಗಸ, ತಾಯಿಯ ಒಡಲು ಕೊಯ್ಯದಂತೆ ಮೆತ್ತನೆಯ ಪೊರೆಯಲ್ಲಿ ಸುತ್ತಿಟ್ಟ ಗರಗಸ. ಎರಡು ಇನ್ನೂ ಹೊರಳುತ್ತಿದ್ದವು.

ಹೇಳಲು ನಾಚಿಕೆಯಾಗುತ್ತದೆ. ತೊಡೆ ಸೀಳಿದ ಮನುಷ್ಯನನ್ನು ಆಗಿನ್ನೂ ಗಾಡಿಗೆ ಎತ್ತುತ್ತಿದ್ದರು. ನಾನು ಟೇಪು ಬಿಚ್ಚಿ ಮರಿಗಳ ಪಕ್ಕ ಮಂಡಿಯೂರಿದ್ದೆ. ಸಂತೋಷಕ್ಕೆ ಮರಿಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದೆ.

ಬೆನ್ನ ಮೇಲೆ ಒದ್ದೆ ಹಗ್ಗದ ಏಟು ಬಿತ್ತು. ತಿರುಗಿದರೆ ಅಕ್ಕನ ತಮ್ಮ. "ಇದನ್ನೂ ಬರ್ಕೋತೀಯಾ? ಬರ್ದು ಅವರಿಗೆ ಕೊಡ್ತೀಯಾ?" ಎಂದು ಇನ್ನೊಂದು ಬಾರಿಸಿದ. ಏಳಲು ಹೋದಾಗ ಒದ್ದ. ಮುಖ ಸಿಮೆಂಟಿಗೆ ಬಡಿದು ಮುಂದಿನ ಹಲ್ಲೊಂದು ಅರ್ಧ ಮುರಿಯಿತು. ನನ್ನ ನೋಟ್‌ಬುಕ್ ಎತ್ತಿ ಬಂದರಿನ ನೀರಿಗೆ ಎಸೆದ. ಸುತ್ತ ನಿಂತವರು ಯಾರೂ ಅಲುಗಲಿಲ್ಲ.

ಅಕ್ಕ ಕತ್ತಿ ಹಿಡಿದುಕೊಂಡೇ ನಡುವೆ ಬಂದಳು. "ಇವಳ ಮೈಮೇಲೆ ಇನ್ನೊಂದು ಏಟು ಬಿದ್ರೆ ನಿನ್ನ ಕೈ ಇಲ್ಲೇ ಇರತ್ತೆ. ಎರಡು ವರ್ಷ ನನ್ನ ಪಕ್ಕ ಕೂತ ಹುಡುಗಿ ಇದು. ಇವಳು ಹೇಳಿಲ್ಲ. ನನ್ನ ಮಕ್ಕಳ ಮೇಲಾಣೆ."

"ನಾನು ಹೇಳಿಲ್ಲ, ಅಣ್ಣಾ," ಎಂದೆ, ಬಾಯಲ್ಲಿ ರಕ್ತ ತುಂಬಿಕೊಂಡು. ನಿಜವೆಂದೇ ನಂಬಿ ಹೇಳಿದೆ.

ಮರುದಿನ ಊದಿದ ತುಟಿ ಹೊತ್ತು ಗೈಡ್ ಮುಂದೆ ನಿಂತೆ. ಅವರು ಪೂರ್ತಿ ಕೇಳಿಸಿಕೊಂಡರು, ಕನ್ನಡಕ ತೆಗೆದು ಒರೆಸಿಕೊಂಡರು. "ಇಲಾಖೆಯವರು ಮಾಹಿತಿ ಕೇಳಿದ್ದರು. ನೀನು ನನಗೆ ಕೊಟ್ಟ ಪಟ್ಟಿಯ ಪ್ರತಿ ಕಳಿಸಿದೆ. ಅದರಲ್ಲಿ ದೋಣಿಗಳ ನಂಬರ್ ಇತ್ತು ಅನ್ನೋದು ನನ್ನ ಗಮನಕ್ಕೆ ಬರಲಿಲ್ಲ," ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಆ ಮರಿಗಳಲ್ಲಿ ಒಂದನ್ನಾದರೂ ತಂದಿದ್ದೀಯಾ?" ಎಂದು ಕೇಳಿದರು.

ಮೂರು ದಿನ ಮನೆಯಲ್ಲಿ ಗೋಡೆ ನೋಡುತ್ತ ಮಲಗಿದ್ದೆ. ಬಸ್ಸಿನಿಂದ ಬಿದ್ದೆ ಎಂದು ಸುಳ್ಳು ಹೇಳಿದ್ದೆ. ಅಮ್ಮ ಅದನ್ನು ನಂಬಿದಂತೆ ನಟಿಸಿ ಬೆನ್ನಿಗೆ ಅರಿಸಿನ ಹಚ್ಚಿದಳು. ನಾಲ್ಕನೆಯ ದಿನ ಬಂದರಿಗೆ ಹೋಗಿ, ಅಕ್ಕನ ಎದುರು ನಿಂತು ಎಲ್ಲವನ್ನೂ ಹೇಳಿದೆ. ಪಟ್ಟಿ ನನ್ನದೇ, ನಂಬರ್ ಬರೆದವಳೂ ನಾನೇ ಎಂದೆ.

ಅವಳು ಕತ್ತಿ ಕೆಳಗಿಟ್ಟಳು. ಎದ್ದು ನಿಂತು ನನ್ನ ಕೆನ್ನೆಗೆ ಬಾರಿಸಿದಳು. ಮೀನಿನ ಲೋಳೆ, ಉಪ್ಪು, ರಕ್ತ ಎಲ್ಲ ಮುಖಕ್ಕೆ ಮೆತ್ತಿತು. ಹಗ್ಗದ ಏಟಿಗೆ ಬಾರದ ಅಳು ಆಗ ಬಂತು.

"ಮಕ್ಕಳ ಮೇಲೆ ಆಣೆ ಇಟ್ಟಿದ್ದೀನಲ್ಲೇ, ಪಾಪಿ," ಎಂದಳು. "ಹೋಗು. ಕಣ್ಣಿಗೆ ಬೀಳಬೇಡ."

ತೊಡೆ ಸೀಳಿದವನನ್ನು ನೋಡಲು ಸರ್ಕಾರಿ ಆಸ್ಪತ್ರೆಗೆ ಹೋದೆ. ಕಾಲು ಉಳಿದಿತ್ತು, ಮಡಚಲು ಮಾತ್ರ ಆಗುತ್ತಿರಲಿಲ್ಲ. ನಾನು ಕೇಳದಿದ್ದರೂ ಅವನೇ ಹೇಳಿದ: ಪುಲಿಕಾಟ್ ಸರೋವರ ಕಡಲು ಸೇರುವ ಅಳಿವೆಯ ಬಾಯಲ್ಲಿ, ಕೆಸರು ನೀರಿನಲ್ಲಿ ಬಲೆಗೆ ಬಿತ್ತಂತೆ, ಅವನು ಚಿಕ್ಕವನಿದ್ದಾಗ ಅಲ್ಲಿ ಮಂದೆ ಮಂದೆ ಇದ್ದವಂತೆ. "ಮರಿ ಹಾಕೋಕೆ ಬಂದಿತ್ತು, ಪಾಪ," ಎಂದು ಬ್ಯಾಂಡೇಜು ಸವರಿಕೊಂಡ. ನನ್ನ ಪ್ರಬಂಧದಲ್ಲಿ ಆ ಮೀನಿನ ಬಗ್ಗೆ ಇರುವುದು ಒಂದೇ ಪುಟ. ಅಳತೆಯಿಲ್ಲ, ಮಾದರಿಯಿಲ್ಲ, ಬರೀ ಅವನ ಮಾತು ಮತ್ತು ಐದು ಮರಿಗಳೆಂಬ ನನ್ನ ನೆನಪು. ಅಳಿದುಹೋಗಿದೆ ಎಂಬ ಸಾಲನ್ನು ಹೊಡೆದುಹಾಕಿದೆ. ಗೈಡ್ ಒಪ್ಪಲಿಲ್ಲ, ನಾನೂ ಬಿಡಲಿಲ್ಲ.

ಬಂದರಿಗೆ ಮತ್ತೆ ಹೋಗತೊಡಗಿದೆ. ಬೇರೆ ದಾರಿಯಿರಲಿಲ್ಲ. ಟೇಪು ಹಿಡಿದು ಬಗ್ಗಿದರೆ ಯಾರಾದರೂ ಬುಟ್ಟಿ ಎಳೆದುಕೊಳ್ಳುತ್ತಿದ್ದರು. ಒಮ್ಮೆ ಮೀನಿನ ಕರುಳು ತಲೆಯ ಮೇಲೆ ಬಿತ್ತು. ಅಕ್ಕನ ತಮ್ಮ ನನ್ನನ್ನು ಕಂಡಾಗಲೆಲ್ಲ ಉಗಿದು ಮುಂದೆ ಹೋಗುತ್ತಿದ್ದ. ಹೀಗೇ ನಾಲ್ಕೈದು ತಿಂಗಳು ದೂರ ಕೂತು ಬರಿಗಣ್ಣಲ್ಲಿ ಅಂದಾಜು ಮಾಡಿ ಬರೆದೆ. ಅಷ್ಟರಲ್ಲಿ ಸರ್ಕಾರ ಆದೇಶ ಸಡಿಲಿಸಿ, ಕೆಲವು ಜಾತಿಗಳನ್ನು ಬಿಟ್ಟು ಮಿಕ್ಕವನ್ನು ಹಿಡಿಯಬಹುದು ಎಂದಿತು.

ಒಂದು ಬೆಳಿಗ್ಗೆ ಅಕ್ಕ ಒಂದು ಶಾರ್ಕಿನ ಹೊಟ್ಟೆ ಸೀಳಿ, ಮರಿಗಳನ್ನು ಒಂದೊಂದಾಗಿ ತೆಗೆದು ಸಿಮೆಂಟಿನ ಮೇಲೆ ಸಾಲಾಗಿ ಇಟ್ಟಳು. ನನ್ನ ಕಡೆ ನೋಡಲಿಲ್ಲ.

"ಹನ್ನೊಂದು," ಎಂದಳು. "ಬರ್ಕೋ. ದೋಣಿ ನಂಬರ್ ಬರೆದ್ರೆ ಕೈ ಕತ್ತರಿಸ್ತೀನಿ."

ಬರೆದುಕೊಂಡೆ.