ದೊಡ್ಡ ಮೇಡಂ ಹೆಸರಿನಲ್ಲಿ ಬಂದ ಮೇಲ್

ಹಾಜರಿ ಪುಸ್ತಕದಲ್ಲಿ ಅವನು ಶಾಲೆಯ ಸಾರಿಗೆ ಗುಮಾಸ್ತ. ವ್ಯಾನ್ ಡ್ರೈವರುಗಳ ಬಾಯಲ್ಲಿ ಪಟ್ಟಿ ಸಾರ್. ನೂರ ಅರವತ್ತು ಮಕ್ಕಳ ಹೆಸರು, ಮನೆ ವಿಳಾಸ, ಹತ್ತಿಳಿಯುವ ಜಾಗ, ತಾಯಂದಿರ ಫೋನ್ ನಂಬರು, ಮಗುವನ್ನು ಯಾರ ಕೈಗೆ ಒಪ್ಪಿಸಬೇಕು ಎಂಬುದು, ಎಲ್ಲವೂ ಅವನ ಕಂಪ್ಯೂಟರಿನ ಒಂದೇ ಪಟ್ಟಿಯಲ್ಲಿತ್ತು. ಅಕ್ಕನ ಮಗಳು ಪುಟ್ಟಿ ನಲವತ್ತೆರಡನೇ ಸಾಲು. ಮೂರು ವರ್ಷದ ಸರ್ವೀಸಿನಲ್ಲಿ ಮುಖ್ಯೋಪಾಧ್ಯಾಯಿನಿ ದೊಡ್ಡ ಮೇಡಂ ಅವನನ್ನು ಹೊಗಳಿದ್ದು ಒಂದೇ ಸಲ, ಅದೂ ಬೇರೆ ಯಾರೋ ಎಂದುಕೊಂಡು.

ಹಾಗಾಗಿ ಆ ಬೆಳಿಗ್ಗೆ ಅವರ ಹೆಸರಿನಲ್ಲಿ ಬಂದ ಮೇಲ್ ಓದಿ ಉಬ್ಬಿಹೋದ. ‘ನಿಮ್ಮ ಅಚ್ಚುಕಟ್ಟಾದ ಕೆಲಸ ಗಮನಿಸಿದ್ದೇನೆ. ಮೀಟಿಂಗಿನಲ್ಲಿದ್ದೇನೆ, ಫೋನ್ ಬೇಡ. ದಯವಿಟ್ಟು ವ್ಯಾನ್ ಪಟ್ಟಿ ಕಳಿಸಿ.’ ಮೇಡಂ ಕೋಣೆ ಹನ್ನೆರಡು ಹೆಜ್ಜೆ ದೂರ. ಎದ್ದು ಹೋಗಿ ಕೇಳಬಹುದಿತ್ತು. ಆದರೆ ಕಾಲು ನೆಲದ ಮೇಲಿದ್ದರೆ ತಾನೇ ನಡೆಯುವುದು! ಎರಡೇ ನಿಮಿಷದಲ್ಲಿ ಕಳಿಸಿದ. ಯಾರೂ ಕೇಳದಿದ್ದರೂ ಮಕ್ಕಳ ಫೋಟೋಗಳನ್ನೂ ಜೋಡಿಸಿದ.

ಮಧ್ಯಾಹ್ನ ಮೂರಕ್ಕೆ ಮೇಡಂ ಎದುರಾದಾಗ ಹಲ್ಲು ಬಿಟ್ಟ.

“ಪಟ್ಟಿ ಸಿಕ್ತಾ ಮೇಡಂ?”

“ಯಾವ ಪಟ್ಟೀರಿ? ನಾನೇನೂ ಕೇಳಿಲ್ವಲ್ಲ!”

ಓಡಿ ಬಂದು ಮೇಲ್ ತೆರೆದ. ಹೆಸರು ಮೇಡಂದೇ. ಆದರೆ ಹೆಸರಿನ ಮೇಲೆ ಒತ್ತಿದಾಗ ಕಂಡ ವಿಳಾಸ ಶಾಲೆಯದಲ್ಲ. ಅಕ್ಷರ, ಅಂಕಿಗಳ ಕಲಸುಮೇಲೋಗರ. ಮೊದಲು ಅಕ್ಕನಿಗೆ ಫೋನ್ ಹಚ್ಚಿದ.

“ಅಕ್ಕಾ, ಇವತ್ತು ಯಾರಾದ್ರೂ ಫೋನ್ ಮಾಡಿದ್ರಾ?”

“ನಿಮ್ಮ ಆಫೀಸಿಂದಾನೇ ಮಾಡಿದ್ರಲ್ಲೋ! ವ್ಯಾನ್ ಕೆಟ್ಟಿದೆ, ನಮ್ಮೋರೊಬ್ರು ಪುಟ್ಟೀನ ಮನೆಗೆ ಬಿಡ್ತಾರೆ ಅಂದ್ರು. ಬೇಕರಿ ಮುಂದೆ ಇಳಿಯೋದು, ಅದೂ ಇದೂ ಎಲ್ಲಾ ಸರಿಯಾಗಿ ಹೇಳಿದ್ರು. ಹೂಂ ಅಂದೆ.”

“ವ್ಯಾನ್ ಚೆನ್ನಾಗೇ ಇದೆ ಅಕ್ಕಾ. ಈಗಿಂದೀಗ್ಲೇ ಹೊರಟು ಬಾ.”

ಅವನ ಹಿಂದೆಯೇ ಬಂದು ಎಲ್ಲ ಕೇಳಿಸಿಕೊಂಡಿದ್ದ ಮೇಡಂ ಪೊಲೀಸರಿಗೆ ಫೋನ್ ಮಾಡುತ್ತಿದ್ದರು. ಶಾಲೆ ಬಿಡಲು ಹತ್ತು ನಿಮಿಷ. ಅವನು ಗೇಟಿಗೆ ಓಡಿದ. ಅಪ್ಪಂದಿರು, ಅಮ್ಮಂದಿರು, ಅಜ್ಜಂದಿರು ಗುಂಪುಗುಂಪಾಗಿ ನಿಂತಿದ್ದರು. ನೂರ ಅರವತ್ತು ಹೆಸರು ಬಾಯಿಪಾಠವಿದ್ದ ಪುಣ್ಯಾತ್ಮನಿಗೆ ಒಂದು ಮುಖವೂ ಗುರುತಿಲ್ಲ.

ಪುಟ್ಟಿಯ ವ್ಯಾನಿನ ಡ್ರೈವರ್ ಬಾಗಿಲಿಗೆ ಒರಗಿ ನಕ್ಕ. “ಏನ್ ಪಟ್ಟಿ ಸಾರ್, ಕುರ್ಚಿ ಬಿಟ್ಟು ಬಿಸಿಲಿಗೆ ಬಂದುಬಿಟ್ರಿ! ಕರಗಿಹೋಗ್ತೀರಾ.”

“ಅಣ್ಣಾ, ತಮಾಷೆ ಬೇಡ. ಇಲ್ಲಿ ಇರೋರಲ್ಲಿ ನೀವು ಯಾವತ್ತೂ ನೋಡಿಲ್ಲದೋರು ಯಾರು?”

ಡ್ರೈವರ್ ಗುಂಪಿನ ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿದ. ನಗು ಇಳಿಯಿತು.

“ಇಬ್ರಿದ್ರು ಸಾರ್. ಒಬ್ಬ ಅಲ್ಲಿದಾನೆ, ನೀಲಿ ಶರ್ಟು. ಇನ್ನೊಬ್ಬ ಆಗ್ಲೇ ಒಳಗೆ ಹೋದ.”

“ಗೇಟ್ ಹಾಕಿ,” ಎಂದವನೇ ಪುಟ್ಟಿಯ ತರಗತಿಯ ಕಡೆ ಓಡಿದ. ಅವನಿನ್ನೂ ಮೆಟ್ಟಿಲು ಹತ್ತುತ್ತಿದ್ದಾಗಲೇ ಶಾಲೆ ಬಿಡುವ ಗಂಟೆ ಹೊಡೆಯಿತು.