ತೊಟ್ಟೆಯೊಳಗಿನ ಗಡಿಯಾರ

ನನ್ನ ಕೈಗಡಿಯಾರಕ್ಕೆ ಅಂಕಿಗಳಿಲ್ಲ. ಅಂಕಿ ಇರಬೇಕಾದಲ್ಲೆಲ್ಲ ಕೂದಲೆಳೆಯಂಥ ಗೀಟುಗಳು, ಎರಡು ಮುಳ್ಳು, ಅಷ್ಟೇ. ಎಂ.ಎ. ಮಾಡಿ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವ ನಾನು, ಯಾರಾದರೂ ಗಂಟೆ ಕೇಳಿದರೆ ಮೊದಮೊದಲು ತುಟಿ ಅಲ್ಲಾಡಿಸುತ್ತ ಗೀಟು ಎಣಿಸುತ್ತಿದ್ದೆ. ಎಣಿಸಿ ಮುಗಿಸುವಷ್ಟರಲ್ಲಿ ಕೇಳಿದವರು ಬಸ್ಸು ಹತ್ತಿ ಹೋಗಿರುತ್ತಿದ್ದರು.

ಇದು ಬಂದದ್ದು ಭಾವನಿಂದ. ಭಾವ ಎಂದರೆ ನನ್ನ ಅಕ್ಕನ ಗಂಡ, ಮುಂಬಯಿಯಲ್ಲಿ ಹೋಟೆಲು ಇಟ್ಟವರು. ಊರಿಗೆ ಮೊಬೈಲು ಆಗಷ್ಟೇ ಬರುತ್ತಿದ್ದ ಕಾಲ. ಬೇಸಿಗೆ ರಜೆಗೆ ತೆಕ್ಕಟ್ಟೆಯ ನಮ್ಮ ಮನೆಗೆ ಬಂದವರು ಚಿನ್ನದ ಬಣ್ಣದ, ಬಿಸ್ಕೂಟಿನಷ್ಟು ತೆಳ್ಳಗಿನ, ಕರಿ ಚರ್ಮದ ಪಟ್ಟಿಯ ಈ ಗಡಿಯಾರ ತೆಗೆದು ನನ್ನ ಕೈಗೆ ಕಟ್ಟಿದರು. ತಾವು ಆಸೆಪಟ್ಟು ಕೊಂಡದ್ದಂತೆ, ದೋಸೆಕಾವಲಿ ಮುಂದೆ ನಿಲ್ಲುವವನಿಗೆ ಹೊಂದುವುದಿಲ್ಲ ಎಂದು ಆಮೇಲೆ ಅನ್ನಿಸಿತಂತೆ. ದೊಡ್ಡ ಜನ ಕೋಟಿನ ತೋಳಿನೊಳಗೆ ಅಡಗಿಸಿಟ್ಟುಕೊಂಡು ಆಗಾಗ ಇಣುಕಲು ಬಿಡುವ ಜಾತಿಯ ಗಡಿಯಾರ ಇದು ಎಂದೂ ಹೇಳಿದರು. ನನ್ನಲ್ಲಿ ಕೋಟಿಲ್ಲ. ಜನ್ಮದಲ್ಲಿ ತೊಟ್ಟ ಒಂದೇ ಉದ್ದ ತೋಳಿನ ನಿಲುವಂಗಿಯೆಂದರೆ ಪದವಿ ಪ್ರದಾನದ ದಿನದ್ದು, ಅದೂ ಬಾಡಿಗೆಯದು.

ಭಾವ ಒಂದು ಶರತ್ತು ಹಾಕಿದರು. ನಮ್ಮ ಕಡೆ ಹೆಂಡತಿಯ ತಮ್ಮನನ್ನೂ ಭಾವ ಎಂದೇ ಕರೆಯುವುದು. "ಭಾವ, ಇದನ್ನ ದಿನಾ ಕಟ್ಕಣ್ಕ್. ದೀಪಾವಳಿಗೆ ಬತ್ತೆ. ಕಪಾಟಂಗೆ ಇದ್ದದ್ ಕಂಡ್ರೆ ವಾಪಸ್ ತಕಂಡ್ ಹೋತೆ."

ನಮ್ಮ ಮನೆಯ ರೋಗ ಭಾವನಿಗೆ ಗೊತ್ತು. ನಮ್ಮಲ್ಲಿ ಒಳ್ಳೆಯದೆಲ್ಲ ಒಳಗಿರುತ್ತದೆ. ಹೊಸ ಸ್ಟೀಲು ಲೋಟಗಳು ಕಪಾಟಿನಲ್ಲಿ, ನಾವು ಕುಡಿಯುವುದು ನೆಗ್ಗಿದ್ದರಲ್ಲಿ. ಅಕ್ಕನ ಮದುವೆಯ ವರ್ಷ ಭಾವ ಅಮ್ಮನಿಗೆ ತಂದುಕೊಟ್ಟ ಗಿಳಿಹಸಿರು ರೇಷ್ಮೆ ಸೀರೆ ಟ್ರಂಕಿನಲ್ಲಿ, ನುಸಿಗುಳಿಗೆಗಳ ನಡುವೆ. ಮುಂದಿನ ಕಾರ್ಯಕ್ಕೆ ಉಡುತ್ತೇನೆ ಎಂದು ಅಮ್ಮ ಪ್ರತಿ ಸಲ ಹೇಳುವುದು, ಕಾರ್ಯ ಬಂದಾಗ ಪಾಯಸ ಚೆಲ್ಲಿದರೆ ಎಂದು ಹಳೆಯದನ್ನೇ ಉಡುವುದು. ಅದೇ ಸೀರೆಯ ಅಡಿಯಲ್ಲಿ ನನ್ನ ಪದವಿಪತ್ರವೂ ಪ್ಲಾಸ್ಟಿಕ್ ತೊಟ್ಟೆಯೊಳಗೆ ಮಲಗಿದೆ. ಮನೆತನದಲ್ಲೇ ಮೊದಲನೆಯದು ನೋಡಿ, ಗಾಳಿ ತಾಗಿದರೆ ನೆಗಡಿಯಾದೀತು.

ಆದರೆ ಗಡಿಯಾರ ನನಗೆ ಬೇಕಿತ್ತು. ಕಿವಿಗೆ ಹಿಡಿದರೆ ಮಾತ್ರ ಕೇಳುವ ಅದರ ಸದ್ದಿಗೆ ಮನಸೋತಿದ್ದೆ. ಶರತ್ತಿನ ಪ್ರಕಾರ ಕಟ್ಟಿಕೊಂಡೇ ತಿರುಗಿದೆ. ಕುಂಭಾಶಿಯ ದೇವಸ್ಥಾನದಲ್ಲಿ ಅಂಗಿ ಬಿಚ್ಚಿ ನಿಂತಾಗ ಮೈಮೇಲೆ ಉಳಿದದ್ದು ಪಂಚೆ ಮತ್ತು ಗಡಿಯಾರ. ಗಂಧ ಕೊಡುತ್ತಿದ್ದ ಭಟ್ಟರು ಮುಖದ ಬದಲು ಮಣಿಕಟ್ಟನ್ನೇ ನೋಡಿ ಪ್ರಸಾದ ಕೊಟ್ಟರು.

ಅಷ್ಟರಲ್ಲಿ ಮಳೆ ಹಿಡಿಯಿತು. ಈ ಗಡಿಯಾರಕ್ಕೆ ನೀರಾಗುವುದಿಲ್ಲ. ಇತಿಹಾಸದ ಮೇಷ್ಟರಿಗೆ ಇಲ್ಲೊಂದು ತಮಾಷೆ ಕಂಡಿತು. ಹಿಂದೆ ಮದುವೆ ಮನೆಗಳಲ್ಲಿ ಮುಹೂರ್ತ ನೋಡಲು ಘಳಿಗೆ ಬಟ್ಟಲು ಇಡುತ್ತಿದ್ದರು. ಅಡಿಯಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವುದು, ಅದು ತುಂಬಿ ಮುಳುಗಿದರೆ ಒಂದು ಘಳಿಗೆ. ನಮ್ಮ ಹಿರಿಯರ ಗಡಿಯಾರ ಕೆಲಸ ಮಾಡಲು ನೀರೇ ಬೇಕಿತ್ತು. ನನ್ನದು ಹನಿ ತಾಗಿದರೆ ಸಾಯುವಂಥದ್ದು, ಅದನ್ನು ಕಟ್ಟಿಕೊಂಡು ನಾನು ಆಟಿ ತಿಂಗಳ ಜಡಿಮಳೆಯಲ್ಲಿ ಕುಂದಾಪುರದ ಕಾಲೇಜಿಗೆ ಹೋಗಿಬರಬೇಕು.

ನಮ್ಮವರು ಮಾತ್ರ ಮಾಡುವ ಕೆಲಸವನ್ನೇ ಮಾಡಿದೆ. ಪದವಿಪತ್ರಕ್ಕೆ ಮಾಡಿದ ಉಪಾಯ. ಮಣಿಕಟ್ಟಿಗೆ ತೊಟ್ಟೆ ಸುತ್ತಿ, ಎರಡು ಬದಿಗೂ ರಬ್ಬರ್ ಬ್ಯಾಂಡ್ ಹಾಕಿದೆ. ಬಸ್ಸಿನಲ್ಲಿ ಕಂಡಕ್ಟರು ದೂರದಿಂದಲೇ ಕೂಗಿದ, "ಹ್ವಾಯ್ ಮಾಷ್ಟ್ರೆ, ಕೈಗ್ ಎಂತ ಆಯ್ತ್? ಯಾರಾರೂ ಎದ್ದ್ ಸೀಟ್ ಕೊಡಿ ಕಾಂಬ." ಎದ್ದ ಮುದುಕರೊಬ್ಬರ ಜಾಗದಲ್ಲಿ ಕೂತೆ. ಗಡಿಯಾರ ಎಂದು ಹೇಳುವ ಧೈರ್ಯವಾಗಲಿಲ್ಲ. ಮುಖ ಕಿವುಚಿಕೊಂಡು, ನೋವಿದ್ದವನ ಹಾಗೆ ಕೈ ಎದೆಗೆ ಒತ್ತಿಕೊಂಡೆ.

ತೊಟ್ಟೆ ಹೊರಗಿನ ಮಳೆಯನ್ನು ತಡೆಯಿತು, ಒಳಗಿನ ಬೆವರನ್ನಲ್ಲ. ಮನೆಗೆ ಬಂದು ಬಿಚ್ಚಿದರೆ ಗಾಜಿನೊಳಗೆ ಮಂಜು ಕಟ್ಟಿ ಮುಳ್ಳುಗಳೇ ಕಾಣುತ್ತಿಲ್ಲ. ಅಕ್ಕಿ ತೇವ ಎಳೆಯುತ್ತದೆ ಎಂದು ಎಲ್ಲೋ ಕೇಳಿದ್ದೆ. ಯಾರಿಗೂ ಹೇಳದೆ ಕುಚ್ಚಲಕ್ಕಿಯ ಡಬ್ಬಿಯಲ್ಲಿ ಹೂತಿಟ್ಟೆ.

ಬೆಳಿಗ್ಗೆ ನಾನು ಏಳುವ ಮೊದಲೇ ಅಮ್ಮ ಗಂಜಿಗೆ ಅಕ್ಕಿ ತೆಗೆದಿದ್ದರು. ಗೆರಸಿಯಲ್ಲಿ ಹಾಕಿ ಕೇರುವಾಗ ಅಕ್ಕಿಯ ಜೊತೆ ಗಡಿಯಾರವೂ ಮೇಲಕ್ಕೆ ಹಾರಿ, ಗೆರಸಿ ತಪ್ಪಿ ನೆಲಕ್ಕೆ ಬಿತ್ತು. ಸದ್ದಿಗೆ ಓಡಿ ಹೋದೆ.

"ನಾನ್ ಕಲ್ಲ್ ಅಂದೇಳಿ ಹಾರ್ಸಿದೆ. ಅಕ್ಕಿಯಂಗೆ ವಾಚ್ ಹಾಕುಕೆ ನಿಂಗೆ ಎಂತ ಮರ್ಲಾ ಮಗಾ?" ಎಂದರು ಅಮ್ಮ. ಬೈಗುಳಕ್ಕಿಂತ ಹೆಚ್ಚು ಅಳು ಇತ್ತು ಆ ದನಿಯಲ್ಲಿ. ಅಳಿಯನ ವಸ್ತು ನೋಡಿ.

ಮಂಜು ಹೋಗಿತ್ತು, ಗಡಿಯಾರ ನಡೆಯುತ್ತಿತ್ತು. ಆದರೆ ಗಾಜಿನ ಮೇಲೆ ಅಡ್ಡಲಾಗಿ ಉದ್ದನೆಯ ಗೀರು. ಗೀರು ಕಂಡರೆ ಭಾವ ವಾಪಸು ತೆಗೆದುಕೊಂಡೇ ಹೋಗುತ್ತಾರೆ, ಇನ್ನು ಇದು ನನಗೆ ದಕ್ಕುವುದಿಲ್ಲ ಎಂದುಕೊಂಡೆ. ಹಾಗೆ ಅಂದುಕೊಂಡ ದಿನದಿಂದಲೇ ಒಂದು ವಿಚಿತ್ರ ನಡೆಯಿತು. ತೊಟ್ಟೆ ಬಿಟ್ಟೆ. ಮಳೆ ಬಂದರೆ ಕೈ ಕಿಸೆಗೆ ಹಾಕಿದೆ, ಅಷ್ಟೇ. ಕಪ್ಪು ಹಲಗೆಯ ಸೀಮೆಸುಣ್ಣದ ಪುಡಿ ಬಿತ್ತು, ಪಟ್ಟಿಗೆ ಬೂಸಲು ಬಂತು, ಒರೆಸಿದೆ. ಗಂಟೆ ಕೇಳಿದರೆ ತುಟಿ ಅಲ್ಲಾಡುವುದು ಯಾವಾಗ ನಿಂತಿತೋ ನನಗೇ ತಿಳಿಯಲಿಲ್ಲ.

ದೀಪಾವಳಿಗೆ ಭಾವ ಬಂದರು. ಅಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದರು. ನಾನು ಕೈ ಮುಂದೆ ಚಾಚಿ, ವಾಪಸು ಮಾಡುವವನ ಹಾಗೆ ಪಟ್ಟಿ ಬಿಚ್ಚತೊಡಗಿದೆ. ಭಾವ ನನ್ನ ಕೈ ಹಿಡಿದು ಗೀರಿನ ಮೇಲೆ ಹೆಬ್ಬೆರಳು ಆಡಿಸಿದರು. ಅವರ ಹೆಬ್ಬೆರಳಿನಲ್ಲಿ ಕಾವಲಿಯ ಸುಟ್ಟ ಕಲೆಗಳಿದ್ದವು.

"ಈಗ ನಿಮ್ದಾಯ್ತ್, ಭಾವ," ಎಂದರು. "ಗೀರ್ ಬೀಳುವರೆಗೆ ಅದ್ ಅಂಗಡಿದೇ."

ಅಮ್ಮ ಬಾಗಿಲ ಮರೆಯಿಂದ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟ ಅಮ್ಮನನ್ನು ಕಂಡು ನನ್ನ ಕೈಯ ಚಾ ಲೋಟ ಅಲ್ಲೇ ನಿಂತಿತು. ಗಿಳಿಹಸಿರು ಸೀರೆ. ಮಡಿಕೆಗಳ ಗುರುತು ಗೀಟು ಎಳೆದ ಹಾಗಿತ್ತು, ಜಗಲಿಯ ತುಂಬ ನುಸಿಗುಳಿಗೆಯ ವಾಸನೆ.

"ಇವತ್ತ್ ಎಂತ ವಿಶೇಷ ಅಮ್ಮ?" ಎಂದೆ.

"ಎಂತದೂ ಇಲ್ಲ. ಸೀರೆ ಇತ್ತಲೆ, ಉಟ್ಟೆ," ಎಂದರು. ಅಂಗಳಕ್ಕಿಳಿದವರು ತಿರುಗಿ, "ಗಂಟಿ ಎಷ್ಟಾಯ್ತ್ ಮಗಾ? ಡೈರಿ ಬಾಗಿಲ್ ಹಾಕ್ರೋ ಏನೋ."

"ಆರೂವರೆ. ಬೇಕಾಷ್ಟ್ ಹೊತ್ತಿತ್ತ್," ಎಂದೆ, ಎಣಿಸದೆ.

ಗದ್ದೆಯಂಚಿನ ಹುಲ್ಲಿನಲ್ಲಿ ಇಬ್ಬನಿಯಿತ್ತು. ಸೀರೆಯ ಜರಿಯಂಚು ಒದ್ದೆಯಾಗುತ್ತಿತ್ತು. ಅಮ್ಮ ನೆರಿಗೆ ಎತ್ತಿ ಹಿಡಿಯದೆ ನಡೆದೇ ಹೋದರು. ನಾನು ಒಳಗೆ ಹೋಗಿ, ಕಪಾಟಿನಿಂದ ಒಂದು ಹೊಸ ಸ್ಟೀಲು ಲೋಟ ತೆಗೆದು ಚಾ ಅದಕ್ಕೆ ಬಗ್ಗಿಸಿಕೊಂಡೆ.